ಒಂದು ಹಗಲಿನ ಲಂಡನ್ ದರ್ಶನ: ಆಯ್ಕೆಯೂ ಕ್ರಮವೂ

'ದೇಶ ಸುತ್ತು, ಇಲ್ಲವೇ ಕೋಶ ಓದು' ಎಂಬ ನಾಣ್ಣುಡಿಯನ್ನು ನಾವೆಲ್ಲರೂ ಬಲ್ಲೆವು. ಆದರೆ ದೇಶ ಸುತ್ತುವುದಕ್ಕೂ ಕೋಶ ಓದಿನ ಸಿದ್ಧತೆ ಅಗತ್ಯವೆಂಬುದನ್ನು ಅನೇಕರು ಮರೆಯುತ್ತಾರೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಓದಿದವರು ಇಂದು ದೂರದೇಶಗಳಲ್ಲಿ ಉದ್ಯೋಗದಲ್ಲಿದ್ದಾರೆ. ಮಕ್ಕಳನ್ನು ಕಾಣಲು ಹೋಗುವ ತಂದೆತಾಯಿಗಳೂ, ಉನ್ನತ ವ್ಯಾಸಂಗಕ್ಕೆ ತೆರಳುವ ತರುಣರೂ ದಾರಿಯಲ್ಲಿ ಲಂಡನ್ ನಗರದಲ್ಲಿ ಒಂದು ಹಗಲನ್ನು ಕಳೆಯುವ ಪ್ರಸಂಗ ಈಗ ಅಪರೂಪವಲ್ಲ. ಎರಡು ಸಾವಿರ ವರ್ಷಗಳ ಇತಿಹಾಸವುಳ್ಳ ಆ ಮಹಾನಗರಕ್ಕೆ ಒಂದು ಹಗಲು ಏತಕ್ಕೂ ಸಾಲದು. ಆದರೂ ಆ ಹಗಲನ್ನು ಸಾರ್ಥಕಗೊಳಿಸುವುದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯದಾಗಿ ಹಗಲೆಂದರೆ ಎಷ್ಟು ಎಂಬುದನ್ನು ತಿಳಿಯಬೇಕು. ಕಾಸರಗೋಡು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 12½ ಡಿಗ್ರಿಯಲ್ಲಿದೆ. ನಮ್ಮಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಲಂಡನ್ ಇರುವುದು 51½ ಡಿಗ್ರಿಯಲ್ಲಿ. ಅಲ್ಲಿ ಜೂನ್ ತಿಂಗಳಲ್ಲಿ ಹಗಲು ಹದಿನಾರೂವರೆ ಗಂಟೆಗಳಷ್ಟಿದ್ದು ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಾದರೋ ಎಂಟು ಗಂಟೆಗಳಿಗಿಂತ ಕಡಿಮೆ. ಸಂಜೆ ನಾಲ್ಕಕ್ಕೆ ಮುನ್ನವೇ ಸೂರ್ಯ ಮುಳುಗುತ್ತಾನೆ. ಆದುದರಿಂದ ಬೇಸಗೆಯ ಯೋಜನೆಯನ್ನು ಚಳಿಗಾಲಕ್ಕೆ ಹಾಗೆಯೇ ಅನ್ವಯಿಸಲಾಗದು.

ಎರಡನೆಯದು ಆಯ್ಕೆಯ ಪ್ರಶ್ನೆ. ಕಾಣತಕ್ಕ ಸ್ಥಳಗಳ ದೊಡ್ಡ ಪಟ್ಟಿಯನ್ನು ಹಿಡಿದು ಓಡಾಡಿದವನು ಸಂಜೆಗೆ ಕಂಡದ್ದಕ್ಕಿಂತ ಓಡಿದ್ದನ್ನೇ ಹೆಚ್ಚಾಗಿ ನೆನೆಯುತ್ತಾನೆ. ಪ್ರತಿಯೊಂದು ಸ್ಥಳದ ವಿಷಯದಲ್ಲೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು: ಇದು ಬೇರೆಲ್ಲಿಯೂ ಕಾಣಸಿಗದ ವಸ್ತುವೇ? ಇದು ಉಳಿದ ಸ್ಥಳಗಳೊಡನೆ ಒಂದೇ ದಾರಿಯಲ್ಲಿದೆಯೇ? ಇದನ್ನು ಕಾಣುವುದರಿಂದ ನನಗೆ ಮೊದಲೇ ತಿಳಿದ ಯಾವ ವಿಷಯ ಸ್ಪಷ್ಟವಾಗುತ್ತದೆ? ಈ ಮೂರಕ್ಕೂ ಒಪ್ಪುವ ನಾಲ್ಕು ತಾಣಗಳನ್ನು ಇಲ್ಲಿ ಸೂಚಿಸುತ್ತೇನೆ.

ಹೀತ್ರೋ ವಿಮಾನ ನಿಲ್ದಾಣದಿಂದ ಪಿಕಡಿಲಿ ಮಾರ್ಗದ ರೈಲನ್ನೇರಿದರೆ, ಬದಲಾಯಿಸುವ ತೊಂದರೆಯಿಲ್ಲದೆ, ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಸೌತ್ ಕೆನ್ಸಿಂಗ್ಟನ್ ನಿಲ್ದಾಣವನ್ನು ಸೇರಬಹುದು. ಲಂಡನ್ನಿನ ನೆಲದೊಳಗಿನ ರೈಲು 1863ರಲ್ಲಿ ಆರಂಭವಾದುದು. ಜಗತ್ತಿನಲ್ಲಿ ಈ ಬಗೆಯದರಲ್ಲಿ ಅದೇ ಮೊದಲನೆಯದು. ನಿಲ್ದಾಣದ ಸಮೀಪದಲ್ಲಿಯೇ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವಿದೆ. ಬೆಳಿಗ್ಗೆ ಹತ್ತು ಗಂಟೆಗೆ ತೆರೆಯುವ ಈ ಸಂಸ್ಥೆಯ ಸಾಮಾನ್ಯ ಪ್ರವೇಶಕ್ಕೆ ಶುಲ್ಕವಿಲ್ಲ. ಟಿಪ್ಪು ಸುಲ್ತಾನನ ಪ್ರಸಿದ್ಧವಾದ ಮರದ ಹುಲಿ ಇದರ ಸಂಗ್ರಹಕ್ಕೆ ಸೇರಿದೆ.

ಸುಮಾರು 1793ರಲ್ಲಿ ನಿರ್ಮಿತವಾದ ಈ ಯಂತ್ರದಲ್ಲಿ ಹುಲಿಯೊಂದು ಐರೋಪ್ಯನೊಬ್ಬನ ಮೇಲೆರಗಿದೆ. ಹಿಡಿಯನ್ನು ತಿರುಗಿಸಿದರೆ ಬಿದ್ದವನ ಕೈ ಮೇಲೇಳುತ್ತದೆ, ನರಳಾಟದ ಧ್ವನಿ ಕೇಳಿಬರುತ್ತದೆ. ಹುಲಿಯ ಒಡಲಿನಲ್ಲಿ ಪುಟ್ಟ ವಾದ್ಯವೊಂದನ್ನು ಅಳವಡಿಸಲಾಗಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣವು ಪತನಗೊಂಡ ಮೇಲೆ ಇದು ಈಸ್ಟ್ ಇಂಡಿಯಾ ಕಂಪೆನಿಯ ವಶವಾಗಿ ಲಂಡನ್ನಿಗೆ ಸಾಗಿತು. ಅಲ್ಲಿ ಕಂಪೆನಿಯ ಕಚೇರಿಗೆ ಬಂದ ಜನರು ವಿನೋದಕ್ಕಾಗಿ ಹಿಡಿ ತಿರುಗಿಸುತ್ತಿದ್ದರು.

ಟಿಪ್ಪುವಿನ ಆಳ್ವಿಕೆಯ ವಿಷಯದಲ್ಲಿ ನಮ್ಮಲ್ಲಿ ಅಭಿಪ್ರಾಯಭೇದಗಳಿವೆ. ಅವು ಇಲ್ಲಿ ಪ್ರಸ್ತುತವಲ್ಲ. ಪ್ರಸ್ತುತವಾದುದು ಇಷ್ಟೆ: ಯಾವ ಯುದ್ಧದ ಫಲವಾಗಿ ಈ ಹುಲಿ ಕಡಲು ದಾಟಿತೋ ಅದೇ ಯುದ್ಧದ ಫಲವಾಗಿ ಬೇಕಲದ ಕೋಟೆಯೂ ನಮ್ಮ ಈ ಕನ್ನಡ ಜಿಲ್ಲೆಯೂ ಕಂಪೆನಿಯ ಆಡಳಿತಕ್ಕೆ ಒಳಪಟ್ಟವು. ಬೇಕಲವನ್ನು ಕಂಡ ಬಾಲಕನು ಈ ಹುಲಿಯ ಮುಂದೆ ನಿಂತಾಗ ಅನ್ಯದೇಶದ ಸೋಜಿಗವನ್ನಲ್ಲ, ತನ್ನ ಊರಿನ ಚರಿತ್ರೆಯ ಒಂದು ಪುಟವನ್ನು ಓದುತ್ತಾನೆ. ಆದರೆ ವಸ್ತುಸಂಗ್ರಹಾಲಯಗಳು ಆಗಾಗ ತಮ್ಮ ಕೊಠಡಿಗಳನ್ನು ನವೀಕರಿಸುವುದುಂಟು. ಹೊರಡುವ ಮುನ್ನವೇ ಆ ವಸ್ತು ಅಂದು ಪ್ರದರ್ಶನದಲ್ಲಿದೆಯೇ, ಎಲ್ಲಿದೆ, ಎಂಬುದನ್ನು ವಿಚಾರಿಸಿಕೊಳ್ಳಬೇಕು. ಒಂದೂಕಾಲು ಗಂಟೆಗಿಂತ ಹೆಚ್ಚು ಹೊತ್ತು ಇಲ್ಲಿ ನಿಲ್ಲಬಾರದು.

ಅದೇ ನಿಲ್ದಾಣದಿಂದ ಡಿಸ್ಟ್ರಿಕ್ಟ್ ಅಥವಾ ಸರ್ಕಲ್ ಮಾರ್ಗದಲ್ಲಿ ನಾಲ್ಕನೆಯ ನಿಲ್ದಾಣವೇ ವೆಸ್ಟ್‌ಮಿನ್‌ಸ್ಟರ್. ಹೊರಬಂದೊಡನೆ ಕಣ್ಣೆದುರು 96 ಮೀಟರು ಎತ್ತರದ ಗಡಿಯಾರಗೋಪುರ. 'ಬಿಗ್ ಬೆನ್' ಎಂಬುದು ಗೋಪುರದ ಹೆಸರೆಂದು ಜನ ಭಾವಿಸಿದ್ದಾರೆ. ನಿಜವಾಗಿ ಅದು ಒಳಗಿನ ಹದಿಮೂರೂವರೆ ಟನ್ನುಗಳಿಗೂ ಮಿಗಿಲಾದ ಗಂಟೆಯ ಹೆಸರು. ಗೋಪುರಕ್ಕೆ 2012ರಿಂದ ಎಲಿಜಬೆತ್ ಗೋಪುರವೆಂಬ ನಾಮಧೇಯವಿದೆ. ಎದುರಿನ ಚೌಕದಲ್ಲಿ 2015ರಲ್ಲಿ ಸ್ಥಾಪಿತವಾದ ಗಾಂಧೀಜಿಯವರ ಪ್ರತಿಮೆಯಿದೆ. ಪಕ್ಕದ ವೆಸ್ಟ್‌ಮಿನ್‌ಸ್ಟರ್ ಅಬೆ 1066ರಿಂದ ಇಂಗ್ಲೆಂಡಿನ ಅರಸರ ಪಟ್ಟಾಭಿಷೇಕದ ದೇವಾಲಯ. ಒಳಗೆ ಹೋಗುವುದಾದರೆ ಎರಡು ಗಂಟೆಗಳೂ ಒಳ್ಳೆಯ ಮೊತ್ತವೂ ಬೇಕು. ಭಾನುವಾರ ಪ್ರಾರ್ಥನೆಗಲ್ಲದೆ ದರ್ಶನಕ್ಕೆ ತೆರೆಯುವುದಿಲ್ಲ. ಒಂದು ಹಗಲಿನವರು ಹೊರಗಿನಿಂದಲೇ ನೋಡಿ ಮುಂದುವರಿಯುವುದು ವಿವೇಕ.

ನದಿಯ ದಂಡೆಯನ್ನು ಹಿಡಿದು ದಕ್ಷಿಣಕ್ಕೆ ನಡೆದು ಲ್ಯಾಂಬೆತ್ ಸೇತುವೆಯನ್ನು ದಾಟಿದರೆ, ಆಚೆಯ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವೇಶ್ವರರ ಪ್ರತಿಮೆಯ ದರ್ಶನವಾಗುತ್ತದೆ. ಲ್ಯಾಂಬೆತ್ತಿನ ಮೇಯರರಾಗಿದ್ದ ಕನ್ನಡಿಗ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಮೂಡಿದ ಇದನ್ನು ಭಾರತದ ಪ್ರಧಾನಿ ನರೇಂದ್ರ ಮೋದಿಯವರು 2015ರ ನವೆಂಬರ್ 14ರಂದು ಅನಾವರಣಗೊಳಿಸಿದರು. ಪ್ರಜಾಪ್ರಭುತ್ವದ ತವರೆನಿಸಿದ ಪಾರ್ಲಿಮೆಂಟಿನ ಸಮೀಪದಲ್ಲಿ, ಕುಲಭೇದವೆಣಿಸದೆ ಜನರನ್ನು ಅನುಭವಮಂಟಪದಲ್ಲಿ ಕೂಡಿಸಿದ ಹನ್ನೆರಡನೆಯ ಶತಮಾನದ ಕನ್ನಡಿಗನು ನಿಂತಿರುವುದು ಅರ್ಥಪೂರ್ಣವಾಗಿದೆ. ರಾಜ್ಯದ ಗಡಿಯಾಚೆ ಕನ್ನಡವನ್ನು ಉಳಿಸಿಕೊಂಡು ಬಂದ ನಮಗೆ ಈ ನೋಟವು ವಿಶೇಷವಾದ ಧೈರ್ಯವನ್ನು ಕೊಡತಕ್ಕದ್ದು. ಮರಳುವಾಗ ಇದೇ ದಡದಲ್ಲಿ ಉತ್ತರಕ್ಕೆ ನಡೆದು ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ಸೇರಿದರೆ, ದಾರಿಯುದ್ದಕ್ಕೂ ಪಾರ್ಲಿಮೆಂಟಿನ ಪೂರ್ಣ ನೋಟ ನೀರಿನ ಆಚೆ ದೊರೆಯುತ್ತದೆ. ಈ ಸುತ್ತಿನ ನಡಿಗೆ ಒಂದು ಗಂಟೆಯೊಳಗಿನದು.

ಊಟದ ವಿಷಯ. ಬುತ್ತಿ ಕಟ್ಟಿಕೊಂಡು ಹೋಗುವವರು ಒಂದು ನಿಯಮವನ್ನು ಅರಿತಿರಬೇಕು: ಭಾರತದಿಂದ ಹಾಲಿನ ಹಾಗೂ ಮಾಂಸದ ಪದಾರ್ಥಗಳನ್ನು ಆ ದೇಶದೊಳಕ್ಕೆ ಒಯ್ಯುವುದು ನಿಷಿದ್ಧ. ಮೊಸರನ್ನವೂ ತುಪ್ಪದ ಡಬ್ಬಿಯೂ ಮನೆಯಲ್ಲಿಯೇ ಇರಲಿ. ಲಂಡನ್ನಿನಲ್ಲಿ ಸಸ್ಯಾಹಾರಕ್ಕೆ ಕೊರತೆಯಿಲ್ಲ.

ಮಧ್ಯಾಹ್ನ ವೆಸ್ಟ್‌ಮಿನ್‌ಸ್ಟರ್ ಕಟ್ಟೆಯಿಂದ ದೋಣಿಯೇರಿ ಥೇಮ್ಸ್ ನದಿಯಲ್ಲಿ ಸುಮಾರು ಒಂದು ಗಂಟೆ ಸಾಗಿದರೆ ಗ್ರೀನಿಚ್. ಒಂದು ಹಗಲಿನ ಯಾತ್ರಿಕನಿಗೆ ದೋಣಿಯಂಥ ಉಪಕಾರಿ ಮತ್ತೊಂದಿಲ್ಲ. ಕುಳಿತಲ್ಲಿಯೇ ಅರ್ಧ ನಗರ ಕಣ್ಣಮುಂದೆ ಹಾದುಹೋಗುತ್ತದೆ. 1666ರ ಮಹಾ ಅಗ್ನಿಯ ಬಳಿಕ ಕ್ರಿಸ್ಟೋಫರ್ ರೆನ್ ಕಟ್ಟಿದ ಸಂತ ಪಾಲರ ದೇವಾಲಯದ ಗುಮ್ಮಟ, ವಿಲಿಯಂ ದೊರೆ ಆರಂಭಿಸಿದ ಟವರ್ ಕೋಟೆ, 1894ರಲ್ಲಿ ತೆರೆದ ಟವರ್ ಸೇತುವೆ ಇವೆಲ್ಲ ಹೀಗೆ ಕಾಣಸಿಗುತ್ತವೆ. ಚಂದ್ರಗಿರಿ ಹೊಳೆಯ ಅಳಿವೆಯನ್ನು ಬಲ್ಲ ನಮ್ಮವರಿಗೆ ಥೇಮ್ಸ್ ನದಿಯ ಉಬ್ಬರವಿಳಿತ ಹೊಸದೆನಿಸದು. ಸಮುದ್ರದ ಏರಿಳಿತ ಲಂಡನ್ ನಗರವನ್ನು ದಾಟಿ ಮೇಲಕ್ಕೂ ಹಬ್ಬುತ್ತದೆ.

ಗ್ರೀನಿಚ್ ಗುಡ್ಡದ ಮೇಲೆ 1675ರಲ್ಲಿ ಸ್ಥಾಪಿತವಾದ ಖಗೋಳ ವೀಕ್ಷಣಾಲಯವಿದೆ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ರಾಷ್ಟ್ರಗಳ ಸಮ್ಮೇಳನವು ಇಲ್ಲಿಯ ರೇಖೆಯನ್ನೇ ಸೊನ್ನೆ ರೇಖಾಂಶವೆಂದು ಅಂಗೀಕರಿಸಿತು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಭಾರತದ ಕಾಲವನ್ನು ನಿರ್ಣಯಿಸುವ ರೇಖಾಂಶ ಪೂರ್ವಕ್ಕೆ 82½ ಡಿಗ್ರಿ. ನಾಲ್ಕರಿಂದ ಗುಣಿಸಿದರೆ 330 ನಿಮಿಷ, ಎಂದರೆ ಐದೂವರೆ ಗಂಟೆ. ಬೇಸಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ ನಾಲ್ಕೂವರೆ ಗಂಟೆಗೆ ಇಳಿಯುತ್ತದೆ. ಇಂದಿನ ಉಪಗ್ರಹಗಳ ಲೆಕ್ಕದ ಸೊನ್ನೆರೇಖೆ ಹಳೆಯ ಗೆರೆಯಿಂದ ಸುಮಾರು 102 ಮೀಟರು ಪೂರ್ವಕ್ಕಿದೆಯೆಂಬುದೂ ವಿದ್ಯಾರ್ಥಿಗಳಿಗೆ ಸ್ವಾರಸ್ಯದ ಸಂಗತಿ. ಚಳಿಗಾಲದಲ್ಲಾದರೆ ಗ್ರೀನಿಚ್ಚನ್ನು ಬಿಟ್ಟು, ಸಂಜೆ ಐದರವರೆಗೆ ತೆರೆದಿರುವ ಬ್ರಿಟಿಷ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಮರಾವತಿಯ ಶಿಲ್ಪಗಳನ್ನು ಕಾಣಬಹುದು.

ಇನ್ನು ಕೆಲವು ವ್ಯವಹಾರದ ಮಾತುಗಳು. ವಿಮಾನ ಬದಲಿಸುವ ನಡುವೆ ನಗರಕ್ಕೆ ಕಾಲಿಡಬೇಕಾದರೂ ಭಾರತೀಯರಿಗೆ ಸಾಮಾನ್ಯವಾಗಿ ವೀಸಾ ಬೇಕು. ಅದನ್ನು ಮುಂಚಿತವಾಗಿ ಪಡೆಯತಕ್ಕದ್ದು. ಅಲ್ಲಿಯ ಬಸ್ಸುಗಳಲ್ಲಿ ನಗದು ಹಣ ಸ್ವೀಕರಿಸುವುದಿಲ್ಲ. ಬ್ಯಾಂಕಿನ ಕಾರ್ಡು ಕೈಯಲ್ಲಿರಬೇಕು. ಚಲಿಸುವ ಮೆಟ್ಟಿಲುಗಳಲ್ಲಿ ಬಲಬದಿಗೆ ನಿಲ್ಲುವುದು ಅಲ್ಲಿನ ರೂಢಿ, ಎಡಬದಿ ಅವಸರದವರದು. ಕೊಡೆಯೂ ಸವೆದು ಹದವಾದ ಪಾದರಕ್ಷೆಯೂ ಇರಲಿ. ವಿಮಾನ ಹೊರಡುವ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರುವಂತೆ ಲೆಕ್ಕವನ್ನು ಸಂಜೆಯಿಂದ ಹಿಂದಕ್ಕೆ ಹಾಕುತ್ತ ಬಂದು, ಪ್ರತಿ ತಾಣಕ್ಕೂ ಅರ್ಧ ಗಂಟೆಯ ಸಡಿಲವನ್ನು ಬಿಡಬೇಕು. ವೃದ್ಧರು ಜೊತೆಗಿದ್ದರೆ ನಾಲ್ಕು ತಾಣಗಳಲ್ಲಿ ಒಂದನ್ನು ನಿಸ್ಸಂಕೋಚವಾಗಿ ಕೈಬಿಡಬೇಕು.

ಕಾಣದೆ ಉಳಿದುದಕ್ಕಾಗಿ ಮರುಗುವ ಅಗತ್ಯವಿಲ್ಲ. ನಮ್ಮ ಶಾಲೆಗಳ ವಾರ್ಷಿಕ ಪ್ರವಾಸಕ್ಕೂ ಇದೇ ಸೂತ್ರ ಅನ್ವಯಿಸುತ್ತದೆ. ಹೊರಡುವ ಮೊದಲಿನ ವಾರ ಮಕ್ಕಳು ಭೂಪಟವನ್ನು ತಾವೇ ಬರೆದು, ಕಾಣುವ ಸ್ಥಳಗಳನ್ನು ತಾವೇ ಆರಿಸಿ, ಬಿಟ್ಟುದಕ್ಕೆ ಕಾರಣವನ್ನು ತಾವೇ ಹೇಳಲಿ. ಹೀಗೆ ಅಭ್ಯಾಸವಾದ ಮಕ್ಕಳು ಮುಂದೆ ಯಾವ ನಗರಕ್ಕೆ ಹೋದರೂ ಬೇರೆಯವರ ಹಿಂದೆ ನಡೆಯದೆ ತಮ್ಮ ಕಣ್ಣಿನಿಂದಲೇ ಅದನ್ನು ಕಂಡುಬರುವರು.