ವರ್ಜನ ಸೂತ್ರಗಳೂ ಮಾರ್ಗಪರೀಕ್ಷೆಯೂ: ಶಾಸನ ಚಿತ್ರಸಂಗ್ರಹದಲ್ಲಿ ಉದ್ಭವಿಸುವ ಒಂದು ಸಮಸ್ಯೆ

೧. ವಿಷಯ ಪ್ರವೇಶ

ಧಾರವಾಡ ಜಿಲ್ಲೆಯ ಗ್ರಾಮಗಳಲ್ಲಿ ಗುಡಿಯ ಕಂಬಗಳ ಮೇಲೆಯೂ ಕೆರೆಯ ಏರಿಯ ಮೇಲೆಯೂ ಊರ ಅಗಸಿಯ ಬಳಿಯೂ ಕಂಡುಬರುವ ಶಾಸನಗಳ ಛಾಯಾಚಿತ್ರಗಳನ್ನು ತೆಗೆದು, ಗಣಕಯಂತ್ರದಲ್ಲಿ ವ್ಯವಸ್ಥಿತವಾಗಿ ಸಂಗ್ರಹಿಸಿಡುವ ಕಾರ್ಯವು ಈಗ ಸಾಮಾನ್ಯ ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಾಧ್ಯವಾಗಿದೆ. ಇಂಥ ಸಂಗ್ರಹವು ಬೆಳೆದಂತೆ ಅದರಲ್ಲಿ ಉಳಿಸತಕ್ಕ ಫೈಲುಗಳೊಡನೆ ಉಳಿಸಬೇಕಾಗಿಲ್ಲದ ಫೈಲುಗಳೂ ಸೇರುತ್ತವೆ: ಮಸುಕಾದ ಚಿತ್ರಗಳು, ಪಾಠದ ಅಪೂರ್ಣ ಕರಡುಗಳು, ಯಂತ್ರವು ತಾನಾಗಿ ಬರೆದಿಟ್ಟ ತಾತ್ಕಾಲಿಕ ಫೈಲುಗಳು ಮುಂತಾದವು. ಸಂಗ್ರಹದ ಪ್ರತಿಯನ್ನು ಮಾಡುವಾಗ ಇವುಗಳನ್ನು ಹೊರಗಿಡುವ ಸಲುವಾಗಿ ಬರೆಯುವ ನಿಯಮಗಳನ್ನು ಈ ಲೇಖನದಲ್ಲಿ ‘ವರ್ಜನ ಸೂತ್ರ’ಗಳೆಂದು ಕರೆದಿದೆ.

ಈ ಸೂತ್ರಗಳ ಅತ್ಯಂತ ಪ್ರಚಲಿತ ರೂಪವು ‘ಗಿಟ್’ ಎಂಬ ಸಾಧನದ್ದು. ಫೈಲುಗಳ ಪೂರ್ವಾಪರ ಆವೃತ್ತಿಗಳನ್ನು ಕಾಪಾಡುವ ಈ ಸಾಧನವನ್ನು ಲೀನಸ್ ಟೋರ್ವಾಲ್ಡ್ಸ್ ಅವರು ೨೦೦೫ರಲ್ಲಿ ರಚಿಸಿದರು. ಅದರಲ್ಲಿ ‘ಗಿಟ್‌ಇಗ್ನೋರ್’ ಎಂಬ ಫೈಲಿನಲ್ಲಿ ಸಾಲಿಗೊಂದರಂತೆ ಸೂತ್ರಗಳನ್ನು ಬರೆಯಲಾಗುತ್ತದೆ. ಆದರೆ ಚಿತ್ರಗಳ ಸೂಚಿಯನ್ನು ತಯಾರಿಸುವ, ಅಥವಾ ಇನ್ನೊಂದು ಡಿಸ್ಕಿಗೆ ನಕಲು ಮಾಡುವ ಬೇರೆ ಪ್ರೋಗ್ರಾಮುಗಳು ಇದೇ ಪಟ್ಟಿಯನ್ನು ಅನುಸರಿಸಬೇಕಾದರೆ, ಸೂತ್ರಗಳನ್ನು ಅವು ಬಲ್ಲ ಭಾಷೆಗೆ, ಅಂದರೆ ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಅಥವಾ ಸಂಕ್ಷೇಪವಾಗಿ ‘ರೆಜೆಕ್ಸ್’ ಎಂಬುದಕ್ಕೆ, ಪರಿವರ್ತಿಸಬೇಕಾಗುತ್ತದೆ. ಆ ಪರಿವರ್ತನೆಯ ಕ್ರಮವನ್ನೂ, ಕನ್ನಡದ ಹೆಸರುಗಳಿದ್ದಲ್ಲಿ ಬರುವ ವಿಶೇಷ ತೊಡಕುಗಳನ್ನೂ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಒಂದು ಪ್ರಮಾದದ ವೃತ್ತಾಂತ

ವಿಷಯದ ಗಾಂಭೀರ್ಯವು ಮನದಟ್ಟಾಗುವಂತೆ ಈ ಲೇಖಕನ ಸ್ವಂತ ತಪ್ಪೊಂದನ್ನು ಇಲ್ಲಿ ಹೇಳುವುದು ಅನುಚಿತವಾಗಲಾರದು. ಸಂಗ್ರಹದಲ್ಲಿ ‘ಅಣ್ಣಿಗೇರಿ’ ಎಂಬ ಫೋಲ್ಡರು ಇದ್ದು, ಅದರೊಳಗೆ ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯದ ಚಿತ್ರಗಳನ್ನು ‘ಅಮೃತೇಶ್ವರ’ ಎಂಬ ಉಪಫೋಲ್ಡರಿನಲ್ಲಿ ವಿಂಗಡಿಸಿ ಇಟ್ಟಿದ್ದಿತು. ವಿಂಗಡಿಸದ ಚಿತ್ರಗಳು ಮಾತ್ರ ಹೊರಗಿನ ಫೋಲ್ಡರಿನಲ್ಲಿಯೇ ಉಳಿದಿದ್ದವು. ಅವನ್ನಷ್ಟೇ ಬಿಡಬೇಕೆಂದು ಬರೆದ ಸೂತ್ರವು ಇದು (ಚುಕ್ಕೆಯ ತರುವಾಯದ ಶಬ್ದವು ಫೈಲಿನ ಜಾತಿಯನ್ನು ಸೂಚಿಸುತ್ತದೆ, ಉದಾಹರಣೆಗಳಲ್ಲಿ ಎಲ್ಲ ಹೆಸರುಗಳನ್ನು ಕನ್ನಡದಲ್ಲಿಯೇ ಕೊಟ್ಟಿದೆ):

ಅಣ್ಣಿಗೇರಿ/*.ಚಿತ್ರ

ಇದನ್ನು ಕೈಯಿಂದ ಪರಿವರ್ತಿಸುವಾಗ ಬರೆದುದು ಹೀಗೆ:

^ಅಣ್ಣಿಗೇರಿ/.*\.ಚಿತ್ರ$

ಎರಡೂ ಒಂದೇ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಎರಡನೆಯದರಲ್ಲಿಯ ‘.*’ ಎಂಬುದು ಓರೆಗೆರೆಯನ್ನೂ ದಾಟಿ ಹೋಗುತ್ತದೆ. ಆದಕಾರಣ ‘ಅಣ್ಣಿಗೇರಿ/ಅಮೃತೇಶ್ವರ/೦೧.ಚಿತ್ರ’ ಎಂಬುದೂ ವರ್ಜ್ಯವೆನಿಸಿ, ಉಳಿಸಬೇಕೆಂದಿದ್ದ ಚಿತ್ರಗಳೇ ಪ್ರತಿಯಲ್ಲಿ ಇಲ್ಲದಂತಾದವು. ಯಂತ್ರವು ಯಾವ ದೋಷವನ್ನೂ ಸೂಚಿಸಲಿಲ್ಲ. ಸೂಚಿಸುವಂತೆಯೂ ಇರಲಿಲ್ಲ, ಏಕೆಂದರೆ ಅದು ಹೇಳಿದಂತೆಯೇ ಮಾಡಿತ್ತು. ಮೂಲ ಡಿಸ್ಕು ಸುಸ್ಥಿತಿಯಲ್ಲಿದ್ದುದರಿಂದ ನಷ್ಟವೊದಗಲಿಲ್ಲ. ಆದರೆ ಪ್ರತಿಯನ್ನು ತೆರೆದು ನೋಡುವವರೆಗೆ, ಹಲವು ತಿಂಗಳು, ಕೊರತೆಯು ತಿಳಿಯಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

೩. ಚಿಹ್ನೆ ಒಂದೇ, ಅರ್ಥ ಬೇರೆ

ಈ ತಪ್ಪಿನ ಮೂಲವು ಎರಡು ಭಾಷೆಗಳ ವಂಶಭೇದದಲ್ಲಿದೆ. ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳ ಮೂಲವು ಗಣಿತ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿಯವರು ೧೯೫೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಅದನ್ನು ಪಠ್ಯಶೋಧನೆಗೆ ಅಳವಡಿಸುವ ವಿಧಾನವನ್ನು ಕೆನ್ ಥಾಂಪ್ಸನ್ ಅವರು ೧೯೬೮ರಲ್ಲಿ ಪ್ರಕಟಿಸಿದರು. ಅಲ್ಲಿ ನಕ್ಷತ್ರ ಚಿಹ್ನೆಗೆ ‘ಹಿಂದಿನ ಘಟಕದ ಪುನರಾವೃತ್ತಿ, ಶೂನ್ಯ ಸಲವಾದರೂ ಸರಿ’ ಎಂದರ್ಥ. ಇನ್ನೊಂದು ವಂಶವು ಯುನಿಕ್ಸ್ ವ್ಯವಸ್ಥೆಯ ‘ಗ್ಲಾಬ್’ ಎಂಬುದು. ೧೯೭೧ರ ಮೊದಲ ಯುನಿಕ್ಸ್ ಕೈಪಿಡಿಯಲ್ಲಿಯೇ ಅದರ ಉಲ್ಲೇಖವಿದೆ. ಅಲ್ಲಿ ನಕ್ಷತ್ರವು ತಾನೇ ಸ್ವತಂತ್ರವಾಗಿ ‘ಯಾವ ಅಕ್ಷರಗಳಾದರೂ’ ಎಂಬ ಅರ್ಥವನ್ನು ಕೊಡುತ್ತದೆ. ಗಿಟ್‌ನ ಸೂತ್ರಗಳು ಈ ಎರಡನೆಯ ವಂಶಕ್ಕೆ ಸೇರಿದವು.

ಅದರಂತೆ ಪ್ರಶ್ನಾರ್ಥಕವು ಗ್ಲಾಬಿನಲ್ಲಿ ‘ಯಾವುದಾದರೂ ಒಂದು ಅಕ್ಷರ’ವನ್ನೂ, ರೆಜೆಕ್ಸಿನಲ್ಲಿ ‘ಹಿಂದಿನದು ಇದ್ದರೂ ಇರಬಹುದು, ಇಲ್ಲದಿರಲೂಬಹುದು’ ಎಂಬುದನ್ನೂ ಹೇಳುತ್ತದೆ. ಚುಕ್ಕೆಯು ಗ್ಲಾಬಿನಲ್ಲಿ ಕೇವಲ ಚುಕ್ಕೆ. ರೆಜೆಕ್ಸಿನಲ್ಲಿ ಅದು ಯಾವ ಅಕ್ಷರವನ್ನಾದರೂ ಪ್ರತಿನಿಧಿಸುತ್ತದೆ. ಪ್ರಾಚೀನ ಶಾಸನದ ಶಬ್ದವೊಂದನ್ನು ಇಂದಿನ ಅರ್ಥದಲ್ಲಿ ಓದುವ ವಿದ್ಯಾರ್ಥಿಯು ಯಾವ ಬಗೆಯ ತಪ್ಪನ್ನು ಮಾಡುವನೋ, ಚಿಹ್ನೆಗಳನ್ನು ಹಾಗೆಯೇ ಎತ್ತಿ ಬರೆಯುವವನೂ ಅದನ್ನೇ ಮಾಡುತ್ತಾನೆ.

೪. ಪರಿವರ್ತನೆಯ ನಿಯಮಗಳು

ಪ್ರತಿಯೊಂದು ಫೈಲಿಗೂ ಸಂಗ್ರಹದ ಮೂಲ ಫೋಲ್ಡರಿನಿಂದ ಆರಂಭವಾಗುವ ಒಂದು ‘ಮಾರ್ಗ’ ಉಂಟು. ಅದರ ಮೆಟ್ಟಿಲುಗಳನ್ನು ಓರೆಗೆರೆಯು ಬೇರ್ಪಡಿಸುತ್ತದೆ. ಓರೆಗೆರೆಯನ್ನು ದಾಟುವ ಅಧಿಕಾರವು ಯಾವ ಚಿಹ್ನೆಗೆ ಉಂಟು, ಯಾವುದಕ್ಕೆ ಇಲ್ಲ ಎಂಬುದೇ ಪರಿವರ್ತನೆಯ ತಿರುಳು.

(ಅ) ಒಂಟಿ ‘*’ ಎಂಬುದನ್ನು ‘[^/]*’ ಎಂದು, ಅಂದರೆ ‘ಓರೆಗೆರೆಯ ಹೊರತು ಏನಾದರೂ ಎಷ್ಟಾದರೂ’ ಎಂದು ಬರೆಯತಕ್ಕದ್ದು.

(ಆ) ‘?’ ಎಂಬುದನ್ನು ‘[^/]’ ಎಂದು ಬರೆಯತಕ್ಕದ್ದು.

(ಇ) ಆರಂಭದ ‘**/’ ಎಂಬುದನ್ನು ‘(.*/)?’ ಎಂದೂ, ನಡುವಣ ‘/**/’ ಎಂಬುದನ್ನು ‘/(.*/)?’ ಎಂದೂ, ಕೊನೆಯ ‘/**’ ಎಂಬುದನ್ನು ‘/.*’ ಎಂದೂ ಬರೆಯತಕ್ಕದ್ದು. ಜೋಡಿ ನಕ್ಷತ್ರಕ್ಕೆ ಮಾತ್ರ ಮೆಟ್ಟಿಲು ದಾಟುವ ಅಧಿಕಾರ. ಗಿಟ್‌ನಲ್ಲಿ ಇದು ೨೦೧೩ರಲ್ಲಿ ಸೇರಿತು.

(ಈ) ‘[!...]’ ಎಂಬ ನಿಷೇಧವನ್ನು ‘[^...]’ ಎಂದು ಬದಲಿಸತಕ್ಕದ್ದು.

(ಉ) ಚುಕ್ಕೆ, ಸಂಕಲನ ಚಿಹ್ನೆ, ದುಂಡು ಆವರಣ ಮೊದಲಾಗಿ ರೆಜೆಕ್ಸಿನಲ್ಲಿ ವಿಶೇಷಾರ್ಥವುಳ್ಳ ಉಳಿದ ಚಿಹ್ನೆಗಳ ಹಿಂದೆ ‘\’ ಇಡತಕ್ಕದ್ದು.

(ಊ) ಸೂತ್ರದ ಆರಂಭದಲ್ಲಿಯಾಗಲಿ ನಡುವೆಯಾಗಲಿ ಓರೆಗೆರೆ ಇದ್ದರೆ ಅದು ಮೂಲ ಫೋಲ್ಡರಿಗೆ ಬದ್ಧವಾದುದು. ‘^’ ನಿಂದ ಆರಂಭಿಸಬೇಕು. ಕೊನೆಯ ಓರೆಗೆರೆಯ ಹೊರತು ಬೇರೆ ಇಲ್ಲದಿದ್ದರೆ ಅದು ಯಾವ ಮೆಟ್ಟಿಲಿಗಾದರೂ ಅನ್ವಯಿಸುತ್ತದೆ, ‘^(.*/)?’ ಎಂದು ಆರಂಭಿಸಬೇಕು.

(ಋ) ಕೊನೆಯಲ್ಲಿ ಓರೆಗೆರೆಯಿದ್ದರೆ ಫೋಲ್ಡರು ಮಾತ್ರ ಎಂದರ್ಥ, ‘/.*$’ ಎಂದು ಮುಗಿಸಬೇಕು. ಇಲ್ಲದಿದ್ದರೆ ಫೈಲೂ ಆಗಬಹುದು, ಫೋಲ್ಡರೂ ಆಗಬಹುದು, ‘(/.*)?$’ ಎಂದು ಮುಗಿಸಬೇಕು.

ಇವುಗಳ ಪ್ರಕಾರ:

ಕರಡು → ^(.*/)?ಕರಡು(/.*)?$
/ಕರಡು → ^ಕರಡು(/.*)?$
ಕರಡು/ → ^(.*/)?ಕರಡು/.*$
ಶಾಸನ/**/ನಕಲು → ^ಶಾಸನ/(.*/)?ನಕಲು(/.*)?$

ಮೂಲಬದ್ಧತೆಯ ಮಹತ್ವಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಉದಾಹರಣೆಯುಂಟು. ಬೆಳ್ವೊಲ ಮುನ್ನೂರರ ರಾಜಧಾನಿಯಾಗಿದ್ದ ಅಣ್ಣಿಗೇರಿಯು ಬಹುಕಾಲ ನವಲಗುಂದ ತಾಲೂಕಿನಲ್ಲಿದ್ದು ಈಚೆಗೆ ಪ್ರತ್ಯೇಕ ತಾಲೂಕಾಯಿತು. ಆದುದರಿಂದ ಹಳೆಯ ಸಂಗ್ರಹದಲ್ಲಿ ‘ನವಲಗುಂದ/ಅಣ್ಣಿಗೇರಿ’ ಎಂದೂ ಹೊಸದರಲ್ಲಿ ‘ಅಣ್ಣಿಗೇರಿ’ ಎಂದೂ ಮಾರ್ಗವಿರುವುದು ಸಹಜ. ‘ಅಣ್ಣಿಗೇರಿ/*.ಚಿತ್ರ’ ಎಂಬ ಸೂತ್ರವು ಎರಡನೆಯದಕ್ಕೆ ಮಾತ್ರ ತಗಲುತ್ತದೆ; ‘**/ಅಣ್ಣಿಗೇರಿ/*.ಚಿತ್ರ’ ಎಂಬುದು ಎರಡಕ್ಕೂ ತಗಲುತ್ತದೆ.

ಇನ್ನೊಂದು ಎಚ್ಚರಿಕೆ. ಮೇಲ್ಕಂಡ ಬದಲಾವಣೆಗಳನ್ನು ಇಡಿಯ ಸೂತ್ರದ ಮೇಲೆ ಒಂದಾದ ಮೇಲೊಂದರಂತೆ ನಡೆಸಬಾರದು. ಮೊದಲು ‘**/’ ಎಂಬುದನ್ನು ‘(.*/)?’ ಎಂದು ಬದಲಿಸಿ, ಅನಂತರ ಪ್ರಶ್ನಾರ್ಥಕಗಳನ್ನೆಲ್ಲ ಬದಲಿಸಹೊರಟರೆ, ನಾವೇ ಈಗ ತಾನೆ ಬರೆದ ಪ್ರಶ್ನಾರ್ಥಕವೂ ಬದಲಾಗಿ ಅರ್ಥ ಕೆಡುತ್ತದೆ. ಸೂತ್ರವನ್ನು ಎಡದಿಂದ ಬಲಕ್ಕೆ ಒಂದೇ ಸಲ ಓದುತ್ತ, ಪ್ರತಿಯೊಂದು ಚಿಹ್ನೆಯನ್ನೂ ಕಂಡೊಡನೆ ಅದರ ರೂಪಾಂತರವನ್ನು ಬೇರೆಡೆ ಬರೆದುಕೊಳ್ಳುತ್ತ ಹೋಗುವುದೇ ಸರಿಯಾದ ಕ್ರಮ.

೫. ಉತ್ಸರ್ಗವೂ ಅಪವಾದವೂ

ಆಶ್ಚರ್ಯಸೂಚಕದಿಂದ ಆರಂಭವಾಗುವ ಸೂತ್ರವು ಅಪವಾದ ಸೂತ್ರ. ಹೊರಗಿಟ್ಟುದನ್ನು ಅದು ಮತ್ತೆ ಒಳಗೆ ಸೇರಿಸುತ್ತದೆ. ಒಂದು ಮಾರ್ಗಕ್ಕೆ ಅನೇಕ ಸೂತ್ರಗಳು ತಗಲಿದಾಗ ಪಟ್ಟಿಯಲ್ಲಿ ಕೊನೆಗೆ ಬಂದುದೇ ನಿರ್ಣಾಯಕ. ತುಲ್ಯಬಲವುಳ್ಳ ಎರಡು ಸೂತ್ರಗಳಿಗೆ ವಿರೋಧ ಬಂದಲ್ಲಿ ಮುಂದಣದೇ ಬಲವತ್ತರವೆಂದು ಪಾಣಿನಿಯು ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದಲ್ಲಿ ವಿಧಿಸಿರುವುದನ್ನು ವ್ಯಾಕರಣ ಬಲ್ಲ ವಾಚಕರು ಇಲ್ಲಿ ಸ್ಮರಿಸಬಹುದು.

ಆದರೆ ಗಿಟ್‌ನಲ್ಲಿ ಇದಕ್ಕೂ ಒಂದು ಮಿತಿಯುಂಟು. ಫೋಲ್ಡರನ್ನೇ ವರ್ಜಿಸಿದ ಮೇಲೆ ಅದರೊಳಗಿನ ಫೈಲನ್ನು ಅಪವಾದದಿಂದ ಉಳಿಸಲಾಗದು. ಮುಚ್ಚಿದ ಬಾಗಿಲಿನೊಳಗೆ ಯಂತ್ರವು ಇಣುಕುವುದೇ ಇಲ್ಲ. ‘/ನಕಲು/’ ಎಂಬುದರ ಕೆಳಗೆ ‘!/ನಕಲು/೦೭.ಚಿತ್ರ’ ಎಂದು ಬರೆದರೆ ವ್ಯರ್ಥ. ‘/ನಕಲು/*’ ಎಂದು ಬರೆದು ಅನಂತರ ಅಪವಾದವನ್ನು ಹೇಳಿದರೆ ಸಾರ್ಥಕ. ಆದಕಾರಣ ರೆಜೆಕ್ಸುಗಳ ಪಟ್ಟಿಯೊಂದೇ ಸಾಲದು. ಮಾರ್ಗದ ಒಂದೊಂದು ಫೋಲ್ಡರನ್ನೂ ಮೇಲಿನಿಂದ ಕ್ರಮವಾಗಿ ಪರೀಕ್ಷಿಸಿ, ಯಾವುದಾದರೂ ವರ್ಜ್ಯವಾಗಿದ್ದರೆ ಅಲ್ಲಿಯೇ ನಿಲ್ಲಿಸಬೇಕು.

೬. ಕನ್ನಡದ ಹೆಸರುಗಳಲ್ಲಿಯ ವಿಶೇಷ

ಇದುವರೆಗಿನ ನಿಯಮಗಳು ಎಲ್ಲ ಭಾಷೆಗಳಿಗೂ ಸಮಾನ. ಕನ್ನಡದ ಹೆಸರುಗಳಲ್ಲಿ ‘ಒಂದು ಅಕ್ಷರ’ವೆಂದರೇನು ಎಂಬ ಪ್ರಶ್ನೆಯು ಬೇರೆಯಾಗಿ ಏಳುತ್ತದೆ. ‘ಅಣ್ಣಿಗೇರಿ’ ಎಂಬುದರಲ್ಲಿ ನಮ್ಮ ಎಣಿಕೆಯಂತೆ ನಾಲ್ಕು ಅಕ್ಷರಗಳು: ಅ, ಣ್ಣಿ, ಗೇ, ರಿ. ಯುನಿಕೋಡ್ ಪದ್ಧತಿಯಲ್ಲಿ ವ್ಯಂಜನ, ವಿರಾಮ, ಸ್ವರಚಿಹ್ನೆಗಳು ಪ್ರತ್ಯೇಕ ಸಂಕೇತಗಳಾದುದರಿಂದ ಅದೇ ಹೆಸರು ೯ ಸಂಕೇತಗಳಾಗುತ್ತದೆ. ಯುಟಿಎಫ್-೮ ಎಂಬ ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ೩ ಬೈಟುಗಳಾದುದರಿಂದ ಒಟ್ಟು ೨೭ ಬೈಟುಗಳು. ರೆಜೆಕ್ಸಿನ ‘[^/]’ ಸಾಮಾನ್ಯವಾಗಿ ಒಂದು ಸಂಕೇತಕ್ಕೆ ಹೊಂದುತ್ತದೆ, ಗಿಟ್‌ನ ‘?’ ಒಂದು ಬೈಟಿಗೆ ಮಾತ್ರ ಹೊಂದುತ್ತದೆ. ಹೀಗಾಗಿ ‘????’ ಎಂಬ ಸೂತ್ರವು ಅಣ್ಣಿಗೇರಿಗೆ ಎರಡರಲ್ಲಿಯೂ ತಗಲದು. ಕನ್ನಡದ ಹೆಸರುಗಳಲ್ಲಿ ಪ್ರಶ್ನಾರ್ಥಕವನ್ನು ಬಳಸದಿರುವುದೇ ಲೇಸು.

ಇದಕ್ಕಿಂತ ಸೂಕ್ಷ್ಮವಾದುದು ಸ್ವರಚಿಹ್ನೆಗಳ ದ್ವಿವಿಧ ಲೇಖನ. ಏತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ ಹಾಗೂ ದೀರ್ಘಗಳನ್ನು ಕೂಡಿಸಿ ಎರಡಾಗಿ ಬರೆಯಬಹುದು. ಓತ್ವವನ್ನಂತೂ ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರಾಗಿ ಬಿಡಿಸಲು ಬರುತ್ತದೆ. ಕಣ್ಣಿಗೆ ವ್ಯತ್ಯಾಸವಿಲ್ಲ, ಯಂತ್ರಕ್ಕೆ ಇವು ಬೇರೆ ಬೇರೆ ಹೆಸರುಗಳು. ನವಲಗುಂದ, ಕಲಘಟಗಿ ಎಂಬ ಹೆಸರುಗಳಲ್ಲಿ ಈ ತೊಡಕಿಲ್ಲ. ಅಣ್ಣಿಗೇರಿ, ಕುಂದಗೋಳ ಎಂಬವುಗಳಲ್ಲಿ ಉಂಟು. ಕುಂದಗೋಳವು ಒಂದು ರೀತಿಯಲ್ಲಿ ೭ ಸಂಕೇತ, ಇನ್ನೊಂದು ರೀತಿಯಲ್ಲಿ ೯. ಸೂತ್ರವು ಒಂದು ರೀತಿಯಲ್ಲಿಯೂ ಫೋಲ್ಡರಿನ ಹೆಸರು ಇನ್ನೊಂದು ರೀತಿಯಲ್ಲಿಯೂ ಇದ್ದರೆ ಎಷ್ಟು ದಿಟ್ಟಿಸಿ ನೋಡಿದರೂ ಕಾರಣ ತಿಳಿಯದು. ಪರೀಕ್ಷೆಗೆ ಮೊದಲು ಸೂತ್ರವನ್ನೂ ಮಾರ್ಗವನ್ನೂ ಯುನಿಕೋಡಿನ ಸಂಯುಕ್ತ ರೂಪಕ್ಕೆ ತರುವುದೇ ಇದಕ್ಕೆ ಪರಿಹಾರ.

ಅಂಕೆಗಳ ವಿಷಯವೂ ಅಂತೆಯೇ. ‘[0-9]’ ಎಂಬುದು ‘೦೧.ಚಿತ್ರ’ ಎಂಬ ಹೆಸರಿನ ಅಂಕೆಗಳಿಗೆ ಹೊಂದದು. ರೆಜೆಕ್ಸಿನಲ್ಲಿ ಅದಕ್ಕೆ ‘[೦-೯]’ ಎಂದೇ ಬರೆಯಬೇಕು. ಒಂದೇ ಸಂಗ್ರಹದಲ್ಲಿ ಇಬ್ಬರು ವಿದ್ಯಾರ್ಥಿಗಳು ಎರಡು ಬಗೆಯ ಅಂಕೆಗಳನ್ನು ಬಳಸಿದ್ದರೆ ಎರಡನ್ನೂ ಸೇರಿಸಿ ‘[0-9೦-೯]’ ಎಂದು ಬರೆಯತಕ್ಕದ್ದು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ವ್ಯಾವಹಾರಿಕ ಸೂಚನೆಗಳು ಫಲಿಸುತ್ತವೆ. ಪರಿವರ್ತನೆಯಾದೊಡನೆ, ಉಳಿಯುವ ಫೈಲುಗಳ ಪಟ್ಟಿಯನ್ನಲ್ಲ, ಹೊರಬೀಳುವ ಫೈಲುಗಳ ಪಟ್ಟಿಯನ್ನು ಬರೆಯಿಸಿ ಓದಬೇಕು. ಗಿಟ್‌ನಲ್ಲಿ ‘ಚೆಕ್-ಇಗ್ನೋರ್’ ಎಂಬ ಆಜ್ಞೆಯು ಯಾವ ಸಾಲಿನ ಯಾವ ಸೂತ್ರದಿಂದ ಫೈಲು ಹೊರಬಿದ್ದಿತೆಂಬುದನ್ನು ತೋರಿಸಬಲ್ಲದು. ನಮ್ಮ ಪರಿವರ್ತನೆಯ ಫಲವನ್ನು ಅದರೊಡನೆ ತಾಳೆ ನೋಡಬಹುದು. ಪ್ರತಿ ಸೂತ್ರದ ಮೇಲೆ ‘#’ ಚಿಹ್ನೆಯಿಂದ ಆರಂಭವಾಗುವ ಸಾಲಿನಲ್ಲಿ ವರ್ಜನದ ಕಾರಣವನ್ನು ನಮೂದಿಸಬೇಕು, ಮತ್ತು ಆ ಫೈಲನ್ನು ಸಂಗ್ರಹದೊಡನೆಯೇ ಕಾಪಾಡಬೇಕು.

ಈ ಕೊನೆಯ ಮಾತು ಇತಿಹಾಸದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಸಲ್ಲುತ್ತದೆ. ಒಂದು ಶಾಸನದ ಚಿತ್ರವು ಸಂಗ್ರಹದಲ್ಲಿ ಇಲ್ಲವೆಂದಾಗ, ಅದನ್ನು ತೆಗೆದೇ ಇರಲಿಲ್ಲವೋ, ತೆಗೆದುದನ್ನು ಉದ್ದೇಶಪೂರ್ವಕವಾಗಿ ಬಿಟ್ಟರೋ, ಅಥವಾ ಒಂದು ನಕ್ಷತ್ರ ಚಿಹ್ನೆಯ ತಪ್ಪಿನಿಂದ ಅದು ಬಿಟ್ಟುಹೋಯಿತೋ ಎಂಬುದನ್ನು ಮುಂದಿನ ಸಂಶೋಧಕನು ತಿಳಿಯುವಂತಿರಬೇಕು. ಕಲ್ಲು ಸವೆಯುತ್ತಲೇ ಇರುತ್ತದೆ. ಇಂದು ತೆಗೆದ ಚಿತ್ರವನ್ನು ನಾಳೆ ಅಷ್ಟೇ ಸ್ಪಷ್ಟವಾಗಿ ಮತ್ತೆ ತೆಗೆಯಲು ಬರುವುದೆಂಬ ಭರವಸೆಯಿಲ್ಲ. ಆದುದರಿಂದ ಏನನ್ನು ಉಳಿಸಿದೆವೆಂಬುದರಷ್ಟೇ ಶ್ರದ್ಧೆಯಿಂದ ಏನನ್ನು ಬಿಟ್ಟೆವೆಂಬುದನ್ನೂ ಬರೆದಿಡುವುದು ಸಂಗ್ರಾಹಕನ ಕರ್ತವ್ಯ.