ಅತಿಸಾರಕ್ಕೆ ಅಡುಗೆಮನೆಯ ಔಷಧ

ಮಗುವಿಗೆ ಭೇದಿಯಾದೊಡನೆ ನೀರನ್ನೂ ಅನ್ನವನ್ನೂ ನಿಲ್ಲಿಸುವ ಪದ್ಧತಿ ನಮ್ಮ ಕೆಲವು ಮನೆಗಳಲ್ಲಿ ಇಂದಿಗೂ ಉಂಟು. ಕುಡಿದುದೆಲ್ಲ ಹೊರಗೆ ಹೋಗುವುದಾದರೆ ಕೊಟ್ಟು ಫಲವೇನೆಂಬುದು ಹಿರಿಯರ ತರ್ಕ. ಆದರೆ ಅತಿಸಾರವೆಂಬ ಶಬ್ದಕ್ಕೆ ಅತಿಯಾಗಿ ಹರಿದುಹೋಗುವುದೆಂದೇ ಅರ್ಥ. ಹರಿದುಹೋದುದನ್ನು ತುಂಬದಿದ್ದರೆ ನಿರ್ಜಲತೆಯೇ ಪ್ರಾಣಾಪಹಾರಿಯಾಗುವುದು.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಲವಣಜಲವು ಸಾಲದಾಗಲು, ಡಾಕ್ಟರ್ ದಿಲೀಪ್ ಮಹಲನೊಬಿಸ್ ಅವರು ಉಪ್ಪು, ಗ್ಲೂಕೋಸು, ಅಡುಗೆಸೋಡಗಳನ್ನು ಕರಗಿಸಿದ ನೀರನ್ನು ಬಾಯಿಂದಲೇ ಕುಡಿಸುವ ಏರ್ಪಾಡು ಮಾಡಿದರು. ರೋಗಿಗಳ ಬಂಧುಗಳೇ ಶುಶ್ರೂಷಕರಾದರು. ನೂರಕ್ಕೆ ಸುಮಾರು 30ರಷ್ಟಿದ್ದ ಮರಣವು 4ಕ್ಕಿಂತ ಕೆಳಗಿಳಿಯಿತು. ಸಕ್ಕರೆಯು ಕರುಳಿನ ಗೋಡೆಯೊಳಕ್ಕೆ ಉಪ್ಪನ್ನು ತನ್ನೊಡನೆ ಒಯ್ಯುವುದು. ಅವೆರಡರ ಹಿಂದೆ ನೀರೂ ಹೋಗುವುದು. ಇದೇ ಇದರ ಮರ್ಮ.

ಔಷಧದಂಗಡಿಯ ಓ.ಆರ್.ಎಸ್. ಪೊಟ್ಟಣವೇ ಉತ್ತಮ. ಅದು ದೊರೆಯದಿದ್ದರೆ, ಕುದಿಸಿ ಆರಿಸಿದ 1 ಲೀಟರು ನೀರಿಗೆ ಸಮತಟ್ಟಾಗಿ ಅಳೆದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸತಕ್ಕದ್ದು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಅಪಾಯ. ಗುಟುಕು ಗುಟುಕಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು, ಪುನಃ ಮೆಲ್ಲಗೆ ಕೊಡಬೇಕು. ಮೊಲೆಹಾಲನ್ನಾಗಲಿ, ಮಗು ಉಣ್ಣುತ್ತಿದ್ದ ಆಹಾರವನ್ನಾಗಲಿ ನಿಲ್ಲಿಸಕೂಡದು.

ಆದರೆ ಮನೆಮದ್ದಿಗೂ ಎಲ್ಲೆಯುಂಟು. ಕಣ್ಣು ಗುಳಿಬಿದ್ದರೆ, ಮೂತ್ರವು ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದೆ ಮಂಕಾದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ದಾರಿಯಲ್ಲಿಯೂ, ಎಚ್ಚರವಿದ್ದು ನುಂಗಬಲ್ಲ ಮಗುವಿಗೆ ಕುಡಿಸುತ್ತಲೇ ಇರಬೇಕು. ಈ ಅಳತೆಯನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಬೇಕೆಂದು ಗೃಹಸ್ಥರಲ್ಲಿ ನಾವು ಪ್ರಾರ್ಥಿಸುತ್ತೇವೆ.