ಒಂದು ಟನ್ ಅದಿರು, 4 ಗ್ರಾಂ ಚಿನ್ನ, 4,000 ಕಲ್ಲಿನ ಮಾದರಿಗಳು

ಒಂದು ಟನ್ ಅದಿರಿನಲ್ಲಿ 4 ಗ್ರಾಂ ಚಿನ್ನವಿದೆ, ಗ್ರಾಂಗೆ ಬೆಲೆ 10,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯೋಣ. ಆ ಟನ್ನಿನ ಚಿನ್ನದ ಮೌಲ್ಯ 40,000 ರೂಪಾಯಿ. ಅದನ್ನು ಅರೆಯದೆ, ಶಾಲೆಗಳಿಗೆ ಕೊಡಲೆಂದು 250 ಗ್ರಾಂ ತೂಕದ ತುಂಡುಗಳಾಗಿ ಎತ್ತಿಟ್ಟರೆ 4,000 ಮಾದರಿಗಳಾಗುತ್ತವೆ. ಒಂದೊಂದರಲ್ಲೂ ಇರುವ ಚಿನ್ನ 1 ಮಿಲಿಗ್ರಾಂ, ಅಂದರೆ 10 ರೂಪಾಯಿಯದ್ದು.

ರಾಯಚೂರು ನಗರದಿಂದ ಸುಮಾರು 80 ಕಿ.ಮೀ. ದೂರದಲ್ಲಿ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ಇದೆ. ಊಟಿ ಗಣಿ ದೇವದುರ್ಗ ತಾಲ್ಲೂಕಿನದು. ಎರಡೂ ಹಟ್ಟಿ–ಮಸ್ಕಿ ಶಿಲಾಪಟ್ಟಿಗೆ ಸೇರಿವೆ. ಈ ಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಇಲ್ಲಿ ಚಿನ್ನವನ್ನು ಹಿಡಿದಿಟ್ಟ ಬೆಣಚುಕಲ್ಲು ಆಲ್ಪ್ಸ್‌ನದರಂತಲ್ಲ. ಆಲ್ಪ್ಸ್ ಪರ್ವತದ ಬಿರುಕುಗಳಲ್ಲಿ ಅದಕ್ಕೆ ಬೆಳೆಯಲು ಜಾಗವಿದ್ದುದರಿಂದ ಆರು ಬದಿಯ ಸ್ಫಟಿಕಗಳು ಮೂಡಿದವು. ಹಟ್ಟಿಯಲ್ಲಿ ನೆಲದಾಳದ ಒತ್ತಡದಲ್ಲಿ ಬಿರುಕು ತುಂಬಿಹೋಯಿತು. ಬೆಣಚು ಹಾಲುಬಿಳುಪಿನ ಗಟ್ಟಿಯಾಗಿ ಉಳಿಯಿತು. ಸ್ಫಟಿಕದ ಮುಖಗಳನ್ನು ಇಲ್ಲಿ ಪೈರೈಟ್‌ನಂಥ ಗಂಧಕದ ಖನಿಜಗಳಲ್ಲಿ ನೋಡಬೇಕು.

ಬೆಣಚಿನ ಸಾಂದ್ರತೆ 2.65, ಚಿನ್ನದ್ದು 19.3. ಗಾತ್ರದಲ್ಲಿ ಅಳೆದರೆ ಸುಮಾರು 18 ಲಕ್ಷ ಪಾಲು ಬೆಣಚಿಗೆ 1 ಪಾಲು ಚಿನ್ನ. ಒಂದು ಟನ್ನಿನ ಚಿನ್ನವನ್ನೆಲ್ಲ ಕೂಡಿಸಿದರೆ 6 ಮಿ.ಮೀ. ಅಂಚಿನ ಘನ, ತೊಗರಿ ಕಾಳಿಗಿಂತ ತುಸು ದೊಡ್ಡದು. ಒಂದು ಮಾದರಿಯೊಳಗಿನ ಚಿನ್ನದ ಘನದ ಅಂಚು 0.4 ಮಿ.ಮೀ.ಗಿಂತ ಕಡಿಮೆ.

ಈ ಕಣವನ್ನು ಬಿಡಿಸಲು ಅದಿರನ್ನು ಸಾಮಾನ್ಯವಾಗಿ 0.075 ಮಿ.ಮೀ. ನುಣುಪಿಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸುತ್ತಾರೆ. ಕಲ್ಲಿನ ರಚನೆ ಈ ಹಂತದಲ್ಲೇ ಅಳಿಯುತ್ತದೆ. ಮಾದರಿ ಉಳಿಯಬೇಕಾದರೆ ಅರೆಯುವ ಮೊದಲೇ ಎತ್ತಿಡಬೇಕು.

ವಿಶ್ವ ಚಿನ್ನ ಮಂಡಳಿಯ ಪ್ರಕಾರ 2020ರಲ್ಲಿ ಭಾರತದ ಗಣಿಗಳಿಂದ ಬಂದ ಚಿನ್ನ 1.6 ಟನ್. ಟನ್ನಿಗೆ 4 ಗ್ರಾಂನಂತೆ ಅದಕ್ಕೆ ಕನಿಷ್ಠ 4 ಲಕ್ಷ ಟನ್ ಅದಿರು ಬೇಕು. ಒಂದು ಟನ್ ಎತ್ತಿಟ್ಟರೆ ತಗ್ಗುವ ಪಾಲು ಶೇ 0.00025. ದೇಶದ ಚಿನ್ನದ ಆಮದು 2022–23ರಲ್ಲಿ 678 ಟನ್, 2023–24ರಲ್ಲಿ 795 ಟನ್. ಒಂದೇ ವರ್ಷದ ಏರಿಕೆ ಶೇ 17. ಈ ಪ್ರಮಾಣದ ಎದುರು 4 ಗ್ರಾಂ ಯಾವ ಲೆಕ್ಕಕ್ಕೂ ಬಾರದು.

ಅದಿರಿನೊಳಗಿನ ಚಿನ್ನದ ಬೆಲೆಯ ಮೇಲೆ ಸರ್ಕಾರಕ್ಕೆ ಸಲ್ಲುವ ರಾಜಧನ ಶೇ 4. ಒಂದು ಟನ್ನಿಗೆ ಅದು 1,600 ರೂಪಾಯಿ. ಗಣಿ ಗುತ್ತಿಗೆ ಇಲ್ಲದವರು ಅದಿರು ತೆಗೆದರೆ 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ 5 ವರ್ಷದವರೆಗೆ ಸೆರೆವಾಸವಿದೆ. ಹಾಗಾಗಿ ಮಾದರಿ ಸಂಗ್ರಹ ಹವ್ಯಾಸಿಗಳಿಂದ ಆಗುವ ಕೆಲಸವಲ್ಲ. ಗುತ್ತಿಗೆ ಪಡೆದ ಕಂಪನಿಯೇ ಮಾಡಬೇಕು.

ಆಯ್ಕೆಯಲ್ಲಿ ಎಚ್ಚರ ಬೇಕು. ಚಿನ್ನದ ಜೊತೆಗೇ ಸಿಗುವ ಆರ್ಸೆನೋಪೈರೈಟ್ ತೂಕದಲ್ಲಿ ಶೇ 46ರಷ್ಟು ಆರ್ಸೆನಿಕ್. ಅದು ಇರುವ ತುಂಡು ಮಕ್ಕಳ ಕೈಗೆ ಹೋಗಬಾರದು. ಚಿನ್ನದಂತೆ ಹೊಳೆಯುವ ಪೈರೈಟ್‌ನ ಗಡಸುತನ 6ರಿಂದ 6.5, ಚಿನ್ನದ್ದು 2.5ರಿಂದ 3. ಉಕ್ಕಿನ ಸೂಜಿ ಚಿನ್ನದಲ್ಲಿ ಇಳಿಯುತ್ತದೆ, ಪೈರೈಟ್‌ನ ಮೇಲೆ ಜಾರುತ್ತದೆ. ಹೊಳೆಯುವುದೆಲ್ಲ ಚಿನ್ನವಲ್ಲ ಎಂಬ ಮಾತನ್ನು ಮಗು ತಾನೇ ಪರೀಕ್ಷಿಸಿ ತಿಳಿಯಬಹುದು.

1915ರಲ್ಲಿ ಇದೇ ಶಿಲಾಪಟ್ಟಿಯ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು ಕಂಡವರು ಸಿ. ಬೀಡನ್, ಚಿನ್ನ ಹುಡುಕಲು ಬಂದ ಗಣಿ ಎಂಜಿನಿಯರ್. ಈ ನೆಲದ ಕಲ್ಲನ್ನು ನಿಂತು ನೋಡಿದವರಿಗೆ ಚಿನ್ನದಾಚೆಗೂ ಸಿಕ್ಕಿದ್ದುಂಟು. ರಾಯಚೂರು, ದೇವದುರ್ಗ, ಮಾನ್ವಿ ಸೇರಿ ಜಿಲ್ಲೆಯ 400 ಶಾಲೆಗಳಿಗೆ ತಲಾ 10 ಮಾದರಿ ಕೊಟ್ಟರೆ, ಪೆಟ್ಟಿಗೆ ಮತ್ತು ಸಾಗಣೆ ಬಿಟ್ಟು, ಒಂದು ಶಾಲೆಗೆ ತಗಲುವ ಚಿನ್ನ 100 ರೂಪಾಯಿಯದ್ದು. ಈ ವೆಚ್ಚವನ್ನು ಭರಿಸಬೇಕು.